ಗರಸು ಹೋಗಲಿ, ಮೇಲ್ಮಣ್ಣು ಉಳಿಯಲಿ

ನಿಮ್ಮ ಊರಿನ ಹೊರಗೆ ಹೊಸ ರಸ್ತೆ ಹಾದುಹೋಗಿರುವ ಕಡೆ ಒಮ್ಮೆ ಕಣ್ಣು ಹಾಯಿಸಿ ನೋಡಿ. ರಸ್ತೆಯಿಂದ ಕೂಗಳತೆಯ ದೂರದಲ್ಲಿ ಒಂದಾದರೂ ಗುಂಡಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಆಳೆತ್ತರಕ್ಕೂ ಮೀರಿದ ನೆಟ್ಟನೆಯ ಗೋಡೆ, ತಳದಲ್ಲಿ ಕಾಲಿಟ್ಟರೆ ಚುಚ್ಚುವ ಗಟ್ಟಿ ನೆಲ, ಮಳೆಗಾಲದಲ್ಲಿ ಒಂದಿಷ್ಟು ಕೆಂಪು ನೀರು, ಬೇಸಿಗೆಯಲ್ಲಿ ಬರಿಯ ಬಿಸಿಲು. ಅಂಚಿನಲ್ಲಿ ನಾಲ್ಕಾರು ಬಳ್ಳಾರಿ ಜಾಲಿಯ ಪೊದೆ. ಒಂದು ಕಾಲಕ್ಕೆ ಅದೂ ಯಾರದೋ ಹೊಲವಾಗಿತ್ತು. ರಾಗಿಯೋ, ಹುರುಳಿಯೋ, ಶೇಂಗಾವೋ ಅಲ್ಲಿ ಬೆಳೆಯುತ್ತಿತ್ತು. ರಸ್ತೆಗೆಂದು ಗರಸು ತೆಗೆದರು. ರಸ್ತೆ ಆಯಿತು, ಹಣವೂ ಖರ್ಚಾಯಿತು, ಗುಂಡಿ ಮಾತ್ರ ಉಳಿಯಿತು.

ಇಂಥ ಗುಂಡಿಯ ಮುಂದೆ ನಿಂತು ಅದರ ಒಡೆಯನನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಏನು ಮಾಡೋಣ ಸ್ವಾಮಿ, ಎರಡು ಸಲ ಸಸಿ ನೆಟ್ಟು ನೋಡಿದೆ, ಒಂದೂ ಹಿಡಿಯಲಿಲ್ಲ." ಆತ ಸಸಿ ನೆಟ್ಟದ್ದು ನಿಜ. ಸಸಿ ಸತ್ತದ್ದೂ ನಿಜ. ಆದರೆ ತಪ್ಪು ಸಸಿಯದಲ್ಲ, ಮಳೆಯದೂ ಅಲ್ಲ. ಗುಂಡಿ ತೋಡಿದ ಮೊದಲನೆಯ ದಿನವೇ ಆ ತಪ್ಪು ನಡೆದುಹೋಗಿತ್ತು. ಆ ಮೊದಲ ದಿನದ ಕೆಲಸವನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತು ಆಡುವುದೇ ಈ ಲೇಖನದ ಉದ್ದೇಶ.

ಮಾರಿದ್ದು ಯಾವುದು, ಕಳೆದುಕೊಂಡಿದ್ದು ಯಾವುದು?

ನಮ್ಮ ಕೆಂಪು ಮಣ್ಣಿನ ಸೀಮೆಯಲ್ಲಿ ನೆಲದಡಿಯ ಬಂಡೆ ಬಹುಪಾಲು ಗ್ರಾನೈಟ್ ಮತ್ತು ನೈಸ್ ಜಾತಿಯ ಕಲ್ಲು. ಗಾಳಿ, ನೀರು, ಬಿಸಿಲುಗಳಿಗೆ ಸಿಕ್ಕಿ ಆ ಕಲ್ಲು ಅಸಂಖ್ಯಾತ ವರ್ಷಗಳಲ್ಲಿ ಸಡಿಲಗೊಂಡು ಪುಡಿಯಾಗುತ್ತದೆ. ಹೀಗೆ ಅರೆ ಕಲ್ಲು, ಅರೆ ಮಣ್ಣು ಆಗಿರುವ ಪದರವೇ ಗರಸು. ಕೆಲವು ಕಡೆ ಇದನ್ನು ಗರಚು ಎನ್ನುತ್ತಾರೆ. ರಸ್ತೆ ಗುತ್ತಿಗೆದಾರರ ಬಾಯಲ್ಲಿ ಅದು ಮುರ್ರಂ ಅಥವಾ ಗ್ರಾವೆಲ್. ಅದರ ಮೇಲೆ ತೆಳುವಾಗಿ ಹಾಸಿರುವುದೇ ನಾವು ಉಳುವ ಮಣ್ಣು. ಗುತ್ತಿಗೆದಾರನಿಗೆ ಬೇಕಾದದ್ದು ಕೆಳಗಿನ ಗರಸು. ಮೇಲಿನ ಮಣ್ಣು ಆತನಿಗೆ ಬೇಡದ ವಸ್ತು. ಅದರಲ್ಲಿ ಬೇರು, ಕಸ, ಜಿಗುಟು ಇರುವುದರಿಂದ ರಸ್ತೆಗೆ ಅದು ಒಗ್ಗುವುದಿಲ್ಲ. ಆದರೂ ಯಂತ್ರ ಅದನ್ನೇ ಮೊದಲು ಕೆರೆದು ಮೂಲೆಗೆ ತಳ್ಳುತ್ತದೆ, ಹಳ್ಳಕ್ಕೆ ನೂಕುತ್ತದೆ, ಇಲ್ಲವೆ ಗರಸಿನೊಡನೆ ಬೆರೆಸಿ ಲಾರಿಗೆ ತುಂಬುತ್ತದೆ. ಯಾರೂ ಹಣ ಕೊಡದ ವಸ್ತು ಹೀಗೆ ಹೊಲದಿಂದ ಹೊರಟುಹೋಗುತ್ತದೆ.

ಗರಸು ಮಾರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ರಸ್ತೆ ನಮಗೂ ಬೇಕು. ಕೊಳವೆ ಬಾವಿಯ ಸಾಲ ತಲೆಯ ಮೇಲಿರುವಾಗ, ಮನೆಯಲ್ಲಿ ಮದುವೆ ಗೊತ್ತಾಗಿರುವಾಗ, ಕಲ್ಲು ಹೊಲದ ಒಂದು ತುಂಡಿನಿಂದ ನಾಲ್ಕು ಕಾಸು ಬರುವುದಾದರೆ ಬೇಡವೆನ್ನುವುದು ಸುಲಭವಲ್ಲ. ನನ್ನ ಮಾತು ಇಷ್ಟೆ: ಗರಸನ್ನು ಮಾರಬಹುದು, ಮೇಲ್ಮಣ್ಣನ್ನು ಮಾರಬಾರದು, ಬಿಟ್ಟಿಯಾಗಿ ಕಳೆದುಕೊಳ್ಳಲಂತೂ ಬಾರದು.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಎಕರೆ ಹೊಲದಲ್ಲಿ 15 ಸೆಂ.ಮೀ. ಆಳದ ಮೇಲ್ಮಣ್ಣು ಎಂದರೆ ಸುಮಾರು 600 ಘನ ಮೀಟರ್. ತೂಕದಲ್ಲಿ ಸುಮಾರು ಒಂಬತ್ತು ಲಕ್ಷ ಕಿಲೋ. ಟ್ರ್ಯಾಕ್ಟರ್ ಟ್ರೇಲರ್ ಒಂದಕ್ಕೆ 3 ಘನ ಮೀಟರ್ ಎಂದು ಹಿಡಿದರೆ 200 ಲೋಡು. ಅದೇ ಎಕರೆಯನ್ನು ಎರಡು ಮೀಟರ್ ಆಳಕ್ಕೆ ತೋಡಿದರೆ ಹೊರಬರುವ ಒಟ್ಟು ಮಾಲು ಸುಮಾರು 2,700 ಲೋಡು. ಅಂದರೆ 2,700 ಲೋಡಿನಲ್ಲಿ ಮೇಲಿನ 200 ಲೋಡು ಮಾತ್ರ ಬೆಳೆ ಕೊಡುವ ಮಣ್ಣು. ಉಳಿದದ್ದು ರಸ್ತೆಗೆ ಹಾಸುವ ಮಾಲು. ಈ 200 ಲೋಡನ್ನು ಹೊಲದ ಪಕ್ಕಕ್ಕೆ ಸರಿಸಿ ಇಡಲು ಮೊದಲ ದಿನ ಹೆಚ್ಚಿನ ಶ್ರಮವಿಲ್ಲ, ಏಕೆಂದರೆ ಯಂತ್ರ ಹೇಗೂ ಹೊಲದಲ್ಲೇ ನಿಂತಿರುತ್ತದೆ. ಅದೇ ಮಣ್ಣನ್ನು ಐದು ವರ್ಷದ ಮೇಲೆ ಎಲ್ಲಿಂದಲೋ ಕೊಂಡು ತರುವುದಾದರೆ? 200 ಲೋಡಿನ ಬಾಡಿಗೆ ಎಷ್ಟೆಂದು ನೀವೇ ಲೆಕ್ಕ ಹಾಕಿ. ಗರಸಿನಿಂದ ಬಂದ ಹಣದಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಆಗ ತಿಳಿಯುತ್ತದೆ.

ಮೇಲ್ಮಣ್ಣು ಎಂದರೆ ಹೆಪ್ಪು

ಮೇಲ್ಮಣ್ಣಿನಲ್ಲಿ ಅಂಥದ್ದೇನಿದೆ ಎಂದು ಕೇಳಬಹುದು. ಎಲೆ, ಬೇರು, ಸಗಣಿ ಕೊಳೆತು ಆದ ಸಾವಯವ ಪದಾರ್ಥ ಇರುವುದು ಅಲ್ಲಿ. ದ್ವಿದಳ ಬೆಳೆಗಳ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ರೈಜೋಬಿಯಂ ಜೀವಾಣುಗಳಿರುವುದು ಅಲ್ಲಿ. ಬೇರಿನೊಡನೆ ಕೂಡಿಕೊಂಡು ದೂರದ ರಂಜಕವನ್ನೂ ನೀರನ್ನೂ ಗಿಡಕ್ಕೆ ತಂದುಕೊಡುವ ಬೇರು ಶಿಲೀಂಧ್ರಗಳಿರುವುದೂ ಅಲ್ಲಿಯೇ. ಎರೆಹುಳು ಇರುವುದು, ಗರಿಕೆಯ ತುಂಡು ಬೇರು ಮತ್ತು ತಂಗಡಿಯ ಬೀಜ ಮಳೆಗಾಗಿ ಕಾದು ಮಲಗಿರುವುದು ಆ ಒಂದು ಗೇಣಿನಲ್ಲಿಯೇ. ಕೆಳಗಿನ ಗರಸಿನಲ್ಲಿ ಇವು ಯಾವುವೂ ಇಲ್ಲವೆಂದರೂ ಸರಿಯೆ. ಸಾರಜನಕ ಅತ್ಯಲ್ಪ, ಇರುವ ಅಷ್ಟಿಷ್ಟು ರಂಜಕವೂ ಕಬ್ಬಿಣದ ಅಂಶದೊಡನೆ ಅಂಟಿಕೊಂಡು ಗಿಡಕ್ಕೆ ಸಿಗದಂತಾಗಿರುತ್ತದೆ.

ಮನೆಯಲ್ಲಿ ಹಾಲು ಹೆಪ್ಪು ಹಾಕುವುದನ್ನು ನೆನೆಸಿಕೊಳ್ಳಿ. ಗಡಿಗೆ ಹಾಲನ್ನು ಮೊಸರು ಮಾಡಲು ಗಡಿಗೆ ಮೊಸರು ಬೇಡ, ಒಂದು ಚಮಚ ಸಾಕು. ಆದರೆ ಆ ಒಂದು ಚಮಚವೂ ಇಲ್ಲದಿದ್ದರೆ ಹಾಲು ಎಷ್ಟು ಹೊತ್ತಿಟ್ಟರೂ ಮೊಸರಾಗದು, ಒಡೆದುಹೋಗುತ್ತದೆ. ಮೇಲ್ಮಣ್ಣು ನೆಲಕ್ಕೆ ಹೆಪ್ಪು ಇದ್ದಂತೆ. ಅದನ್ನು ಹೊರಗೆಸೆದು ಬರಿಯ ಗರಸಿನಲ್ಲಿ ಸಸಿ ನೆಡುವುದು ಹೆಪ್ಪಿಲ್ಲದೆ ಮೊಸರಿಗಾಗಿ ಕಾದಂತೆ.

ಎರಡು ಆಕ್ಷೇಪಣೆಗಳು

"ಅದು ಮೊದಲೇ ಬಡವು ಭೂಮಿ. ಅಲ್ಲಿ ಮೇಲ್ಮಣ್ಣು ಎಂಬುದು ಎಲ್ಲಿದೆ?" ಎಂದು ಕೆಲವರು ಕೇಳುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಗರಸು ಸಿಗುವ ಕಡೆ ಮೇಲ್ಮಣ್ಣು ತೆಳುವಾಗಿರುವುದು ಸಹಜ. ಆದರೆ ಮಣ್ಣು ತೆಳುವಾದಷ್ಟೂ ಅದರ ಬೆಲೆ ಹೆಚ್ಚು. ಹತ್ತು ಚೀಲ ರಾಗಿ ಇರುವ ಮನೆಯಲ್ಲಿ ಒಂದು ಚೀಲ ಹೋದರೆ ನಡೆಯುತ್ತದೆ. ಒಂದೇ ಚೀಲ ಇರುವ ಮನೆಯಲ್ಲಿ ಅದೂ ಹೋದರೆ ಉಪವಾಸವೇ ಗತಿ. ಹುರುಳಿಯಾದರೂ ಬರುತ್ತಿದ್ದ ಹೊಲದಲ್ಲಿ ಈಗ ಹುಲ್ಲೂ ಬರುವುದಿಲ್ಲವಾದರೆ, ಹುರುಳಿ ಬೆಳೆಯುತ್ತಿದ್ದ ಆ ಹತ್ತು ಸೆಂ.ಮೀ. ಮಣ್ಣಿನ ಬೆಲೆ ಏನೆಂಬುದು ಅದರಿಂದಲೇ ಗೊತ್ತಾಗುವುದಿಲ್ಲವೆ?

ಇನ್ನು ಕೆಲವರ ವಾದ: "ಗುಂಡಿ ಹಾಗೇ ಇರಲಿ, ಮಳೆ ನೀರು ನಿಂತು ಕೃಷಿ ಹೊಂಡವಾಗುತ್ತದೆ." ಇದನ್ನು ಒಪ್ಪುವ ಮೊದಲು ವಿಚಾರ ಮಾಡಬೇಕು. ಕೃಷಿ ಹೊಂಡಕ್ಕೆ ನೀರು ಹರಿದು ಬರುವ ದಿಕ್ಕು ಬೇಕು, ಹೂಳು ತಡೆಯುವ ಗುಂಡಿ ಬೇಕು, ಇಳಿಜಾರಾದ ಬದಿ ಬೇಕು, ಹೆಚ್ಚಾದ ನೀರು ಹೊರಹೋಗಲು ಕೋಡಿ ಬೇಕು, ಸುತ್ತ ಬೇಲಿ ಬೇಕು. ಗರಸು ಗುಂಡಿಯಲ್ಲಿ ಇವು ಯಾವುವೂ ಇರುವುದಿಲ್ಲ. ಕೆಲವು ಕಡೆ ಗರಸಿನ ಬಿರುಕುಗಳಲ್ಲಿ ನೀರು ಇಂಗಿ ಹದಿನೈದು ದಿನದಲ್ಲಿ ತಳ ಕಾಣುತ್ತದೆ; ಕೆಲವು ಕಡೆ ಲಾರಿ ಓಡಾಡಿ ಬಿಗಿದ ತಳದಲ್ಲಿ ನೀರು ನಿಂತರೂ, ನೆಟ್ಟನೆಯ ಗೋಡೆಯಿಂದಾಗಿ ದನವಾಗಲಿ ಮಕ್ಕಳಾಗಲಿ ಇಳಿದರೆ ಹತ್ತಿ ಬರುವುದು ಕಷ್ಟ. ಇಂಥ ಗುಂಡಿಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಹೊಂಡ ಬೇಕಾದರೆ ಹೊಂಡವೆಂದೇ ಅಳತೆ ಮಾಡಿ ತೋಡಿಸಿ. ಉಳಿದ ಭಾಗಕ್ಕೆ ಮಣ್ಣು ಮರಳಲಿ, ಹಸಿರು ಬರಲಿ.

ಮೇಲ್ಮಣ್ಣಿಲ್ಲದೆ ನಡೆದ ಒಂದು ಸಾಹಸ

ಮೇಲ್ಮಣ್ಣು ಒಂದಿಷ್ಟೂ ಇಲ್ಲದೆ ಹಸಿರು ತರಲು ಸಾಧ್ಯವೇ ಇಲ್ಲವೆ? ಸಾಧ್ಯವಿದೆ, ಆದರೆ ಆ ದಾರಿ ಎಷ್ಟು ಕಷ್ಟದ್ದು ಎಂಬುದಕ್ಕೆ ಹೊರದೇಶದ ಒಂದು ನಿದರ್ಶನ ಕೊಡುತ್ತೇನೆ. ಆಫ್ರಿಕಾದ ಕೆನ್ಯಾ ದೇಶದಲ್ಲಿ, ಮೊಂಬಾಸಾ ಪಟ್ಟಣದ ಬಳಿಯ ಬಂಬೂರಿಯಲ್ಲಿ, ಸಿಮೆಂಟ್ ಕಾರ್ಖಾನೆಯೊಂದಕ್ಕೆ ಹವಳದ ಸುಣ್ಣಕಲ್ಲು ತೆಗೆದ ಗಣಿ ಬರಡಾಗಿ ಬಿದ್ದಿತ್ತು. 1971 ರಲ್ಲಿ ರೆನೆ ಹಾಲರ್ ಎಂಬ ಕೃಷಿ ತಜ್ಞರು ಅದನ್ನು ಹಸಿರು ಮಾಡುವ ಕೆಲಸಕ್ಕೆ ಕೈಹಾಕಿದರು. ಅವರು 26 ಜಾತಿಯ ಗಿಡಗಳನ್ನು ನೆಟ್ಟು ನೋಡಿದರು. ಉಳಿದದ್ದು ಮೂರೇ ಜಾತಿ. ಅವುಗಳಲ್ಲಿ ಚೆನ್ನಾಗಿ ಬಂದದ್ದು ನಮ್ಮ ಕರಾವಳಿಯವರಿಗೆ ಪರಿಚಯವಿರುವ ಗಾಳಿ ಮರ. ಅದರ ಬೇರಿನ ಗಂಟುಗಳಲ್ಲಿರುವ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿಯಬಲ್ಲವು.

ಮರವೇನೋ ಬೆಳೆಯಿತು. ಆದರೆ ಉದುರಿದ ಸೂಜಿಯಂಥ ಎಲೆ ಕೊಳೆಯಲೇ ಇಲ್ಲ. ನೆಲದ ಮೇಲೆ ಒಣಗಿ ರಾಶಿ ಬಿತ್ತು. ಏಕೆಂದರೆ ಕೊಳೆಯಿಸುವ ಜೀವಿಗಳೇ ಅಲ್ಲಿರಲಿಲ್ಲ. ಕೊನೆಗೆ ಆ ಎಲೆಯನ್ನು ತಿನ್ನುವ ಸಾವಿರ ಕಾಲಿನ ಚೋರಟೆ ಹುಳುಗಳನ್ನು ತಂದು ಬಿಟ್ಟ ಮೇಲೆ, ಅವು ಎಲೆಯನ್ನು ತಿಂದು ಹಿಕ್ಕೆ ಹಾಕಿ, ಕಪ್ಪು ಮಣ್ಣು ನಿಧಾನವಾಗಿ ಕಟ್ಟತೊಡಗಿತು. ಆ ಮಣ್ಣಿನಲ್ಲಿ ಬೇರೆ ಮರಗಳು ಬಂದವು. ಇಂದು ಅದು ಜನ ನೋಡಲು ಹೋಗುವ ಉದ್ಯಾನವಾಗಿದ್ದು, ಹಾಲರ್ ಅವರ ಹೆಸರನ್ನೇ ಹೊತ್ತಿದೆ.

ಇದರಿಂದ ನಾವು ಕಲಿಯುವುದು ಎರಡು ಪಾಠ. ಮೊದಲನೆಯದು, ಎಂಥ ಬರಡು ನೆಲವನ್ನೂ ಕೈಬಿಡಬೇಕಾಗಿಲ್ಲ. ಎರಡನೆಯದು, ಮರ ನೆಟ್ಟ ಮಾತ್ರಕ್ಕೆ ನೆಲ ಜೀವ ಪಡೆಯುವುದಿಲ್ಲ. ಎಲೆಯನ್ನು ಮಣ್ಣು ಮಾಡುವ ಹುಳು ಹುಪ್ಪಟೆಗಳೂ ಬೇಕು. ಒಂದು ಕಾರ್ಖಾನೆಯ ಬೆಂಬಲ, ತಜ್ಞರೊಬ್ಬರ ಹತ್ತಾರು ವರ್ಷದ ದುಡಿಮೆ ಇದ್ದಾಗ ಅಲ್ಲಿ ಅದು ಆಯಿತು. ಎರಡೆಕರೆ ರೈತನಿಗೆ ಅಂಥ ಅನುಕೂಲ ಎಲ್ಲಿಂದ ಬರಬೇಕು? ಅಲ್ಲಿ ಹೊರಗಿನಿಂದ ತಂದ ಜೀವವೆಲ್ಲ ನಮ್ಮ ಹೊಲದ ಮೇಲ್ಮಣ್ಣಿನಲ್ಲಿ ಮೊದಲೇ ಇದೆ. ಅದನ್ನು ಕಾಪಾಡಿಕೊಂಡರೆ ಕೆಲಸ ಅರ್ಧ ಮುಗಿದಂತೆ.

ಗುಂಡಿ ತೋಡುವ ಮೊದಲು

ಈಗ ಮಾಡಬೇಕಾದ ಕೆಲಸವನ್ನು ಕ್ರಮವಾಗಿ ನೋಡೋಣ.

1. ಗರಸು ತೆಗೆಯುವ ಜಾಗವನ್ನು ಗುರುತು ಮಾಡಿ. ಪಕ್ಕದವರ ಬದುವಿನಿಂದ ಕನಿಷ್ಠ ಏಳೆಂಟು ಮೀಟರ್ ಬಿಟ್ಟುಕೊಳ್ಳಿ. ಬದುವಿನ ಬುಡಕ್ಕೇ ತೋಡಿದರೆ ಮಳೆಗೆ ಅವರ ಹೊಲ ಕುಸಿಯುತ್ತದೆ, ತೇವವೂ ಬಸಿದುಹೋಗುತ್ತದೆ. ನೆರೆಹೊರೆಯ ವ್ಯಾಜ್ಯ ಹುಟ್ಟುವುದೇ ಹೀಗೆ.

2. ಮಣ್ಣು ಒಣಗಿರುವಾಗಲೇ ಮೇಲ್ಮಣ್ಣನ್ನು ಕೆರೆದು ತೆಗೆಸಿ. 15 ರಿಂದ 20 ಸೆಂ.ಮೀ. ಸಾಕು, ತೆಳುವಾಗಿದ್ದರೆ ಇದ್ದಷ್ಟು. ಹಸಿ ಮಣ್ಣನ್ನು ಯಂತ್ರದಿಂದ ಎಳೆದರೆ ಅದು ಬಿಗಿದು ಇಟ್ಟಿಗೆಯಂತಾಗುತ್ತದೆ. ಗರಸು ಅದರಲ್ಲಿ ಬೆರೆಯದಂತೆ ನೀವೇ ನಿಂತು ನೋಡಿಕೊಳ್ಳಿ.

3. ತೆಗೆದ ಮಣ್ಣನ್ನು ನೀರು ಹರಿಯದ ಎತ್ತರದ ಜಾಗದಲ್ಲಿ ಒಟ್ಟಿ. ರಾಶಿಯ ಎತ್ತರ ಒಂದರಿಂದ ಒಂದೂವರೆ ಮೀಟರ್ ಮೀರದಿರಲಿ. ಎತ್ತರವಾಗಿ ಒಟ್ಟಿದರೆ ಒಳಗೆ ಗಾಳಿಯಾಡದೆ ಉಪಯುಕ್ತ ಜೀವಾಣುಗಳು ಸಾಯುತ್ತವೆ. ರಾಶಿಯ ಮೇಲೆ ಹುರುಳಿಯನ್ನೋ ಅಪ್ಸೆಣಬನ್ನೋ ಚೆಲ್ಲಿಬಿಡಿ. ಬೇರು ಮಣ್ಣನ್ನು ಹಿಡಿದಿಡುತ್ತದೆ, ಮಳೆಗೆ ಕೊಚ್ಚಿಹೋಗುವುದಿಲ್ಲ, ಜೀವಾಣುಗಳಿಗೂ ಆಸರೆಯಾಗುತ್ತದೆ.

4. ಸಾಧ್ಯವಾದರೆ ಹೊಲವನ್ನು ಮೂರು ನಾಲ್ಕು ಪಟ್ಟಿಗಳಾಗಿ ಮಾಡಿ ಒಂದೊಂದಾಗಿ ತೋಡಿಸಿ. ಎರಡನೆಯ ಪಟ್ಟಿಯ ಮೇಲ್ಮಣ್ಣು ನೇರವಾಗಿ ಮುಗಿದ ಮೊದಲನೆಯ ಪಟ್ಟಿಯ ತಳಕ್ಕೆ ಬೀಳಲಿ, ಮೂರನೆಯದು ಎರಡನೆಯದಕ್ಕೆ. ಮೊದಲ ಪಟ್ಟಿಯಿಂದ ತೆಗೆದಿಟ್ಟ ಮಣ್ಣು ಕೊನೆಯ ಪಟ್ಟಿಗೆ. ಹೀಗೆ ಮಾಡಿದರೆ ಬಹುಪಾಲು ಮಣ್ಣನ್ನು ರಾಶಿ ಹಾಕುವ ಗೋಜೇ ಇಲ್ಲ, ಮಣ್ಣಿನ ಜೀವವೂ ಕೆಡುವುದಿಲ್ಲ. ಎಲ್ಲಕ್ಕಿಂತ ಉತ್ತಮವಾದ ವಿಧಾನ ಇದೇ.

ಗರಸು ಮುಗಿದ ಮೇಲೆ

ಯಂತ್ರ ಹೊಲ ಬಿಡುವ ಮೊದಲೇ ಮೂರು ಕೆಲಸ ಮುಗಿಯಬೇಕು. ಮೊದಲನೆಯದು, ಗೋಡೆಯನ್ನು ಇಳಿಜಾರು ಮಾಡುವುದು. ಎರಡು ಮೀಟರ್ ಆಳದ ಗುಂಡಿಗೆ ಬದಿ ಕನಿಷ್ಠ ನಾಲ್ಕು ಮೀಟರ್ ಅಡ್ಡಕ್ಕೆ ಚಾಚಿರಬೇಕು. ನೇಗಿಲು ಹೂಡಬೇಕೆಂದರೆ ಆರು ಮೀಟರ್‌ಗೂ ಹೆಚ್ಚು ಚಾಚಿಸಿ. ನೆಟ್ಟಗಿನ ಗೋಡೆಯಲ್ಲಿ ಯಾವ ಬೀಜವೂ ನಿಲ್ಲದು. ಎರಡನೆಯದು, ತಳವನ್ನು ಸಡಿಲಿಸುವುದು. ತುಂಬಿದ ಟಿಪ್ಪರುಗಳು ಓಡಾಡಿದ ನೆಲ ರಸ್ತೆಯಂತೆಯೇ ಬಿಗಿದಿರುತ್ತದೆ. ಯಂತ್ರದ ಹಲ್ಲಿನಿಂದ ಅರ್ಧ ಮೀಟರ್ ಆಳಕ್ಕೆ, ಇಳಿಜಾರಿಗೆ ಅಡ್ಡಲಾಗಿ ಕಿತ್ತು ಬಿಡಿಸಬೇಕು. ಇಲ್ಲವಾದರೆ ಮೇಲೆ ಎಷ್ಟೇ ಒಳ್ಳೆಯ ಮಣ್ಣು ಹರಡಿದರೂ ನೀರು ಇಂಗದೆ ಮಣ್ಣೇ ತೇಲಿಹೋಗುತ್ತದೆ. ಮೂರನೆಯದು, ಮೇಲ್ಮಣ್ಣನ್ನು ಸಮನಾಗಿ ಹರಡಿ, ಸಮಪಾತಳಿ ರೇಖೆಯಲ್ಲಿ ಚಿಕ್ಕ ಬದುಗಳನ್ನು ಹಾಕುವುದು. ಈ ಮೂರೂ ಮುಂಗಾರಿಗೆ ಮೊದಲೇ, ಇದೇ ಕ್ರಮದಲ್ಲಿ ಆಗಬೇಕು. ಹರಡಿದ ಮಣ್ಣಿನ ಮೇಲೆ ಮತ್ತೆ ಲಾರಿ ಓಡಿಸಬಾರದು.

ಹಸಿರು ಯಾವ ಕ್ರಮದಲ್ಲಿ ಬರಬೇಕು?

ಇಲ್ಲಿಯೂ ನಮ್ಮಲ್ಲಿ ಒಂದು ಅವಸರವಿದೆ. ಗುಂಡಿ ಕಂಡ ಕೂಡಲೇ ಮರ ನೆಡೋಣ ಎನ್ನುತ್ತೇವೆ. ನೆಲ ತಾನಾಗಿ ಹಸಿರಾಗುವಾಗ ಆ ಕ್ರಮ ಹೇಗಿರುತ್ತದೆ ಎಂಬುದನ್ನು ನೋಡಿ. ಮೊದಲು ಹುಲ್ಲು, ಬಳ್ಳಿ, ಆಮೇಲೆ ತಂಗಡಿ, ಬಂದರಿಕೆಯಂಥ ಪೊದೆ, ಕೊನೆಗೆ ಮರ. ನಾವೂ ಆ ದಾರಿಯನ್ನೇ ಹಿಡಿದರೆ ಖರ್ಚು ಕಡಿಮೆ.

ಮೊದಲನೆಯ ಮುಂಗಾರಿನಲ್ಲಿ ಅಪ್ಸೆಣಬನ್ನು ಬಿತ್ತಿ, ಹೂ ಬಿಡುವ ಹೊತ್ತಿಗೆ ಅಲ್ಲಿಯೇ ಮಣ್ಣಿಗೆ ಸೇರಿಸಿ. ಹಿಂಗಾರಿಗೆ ಹುರುಳಿ ಹಾಕಿ. ಎಕರೆಗೆ 10 ರಿಂದ 12 ಕಿಲೋ ಬೀಜ ಸಾಕು. ಬೀಜಕ್ಕೆ ರೈಜೋಬಿಯಂ ಜೀವಾಣು ಗೊಬ್ಬರ ಲೇಪಿಸುವುದನ್ನು ಮರೆಯಬೇಡಿ. ಕದಡಿದ ನೆಲದಲ್ಲಿ ಇದರ ಪ್ರಯೋಜನ ಹೆಚ್ಚು. ಮೊದಲ ವರ್ಷ ಇಳುವರಿ ಕೈಗೆ ಬಾರದಿದ್ದರೂ ಚಿಂತೆಯಿಲ್ಲ. ಆ ಬೆಳೆ ನಿಮಗಲ್ಲ, ಮಣ್ಣಿಗೆ. ಬಿತ್ತುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರಂಜಕದ ಕೊರತೆ ಬಹುತೇಕ ಇದ್ದೇ ಇರುತ್ತದೆ.

ಎರಡನೆಯ ವರ್ಷ ಸ್ಟೈಲೋ ಮೇವಿನ ಬೆಳೆಯನ್ನೂ ಅಂಜನ್ ಹುಲ್ಲನ್ನೂ ಬೆರೆಸಿ ಬಿತ್ತಬಹುದು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿ ನೀರಿನಲ್ಲಿ ನಾಲ್ಕು ನಿಮಿಷ ಅದ್ದಿ ತೆಗೆದು, ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಇದನ್ನು ಆಳಕ್ಕೆ ಬಿತ್ತಬಾರದು, ಮೇಲೆ ಚೆಲ್ಲಿ ಮುಳ್ಳಿನ ಕೊಂಬೆ ಎಳೆದರೆ ಸಾಕು. ಇಳಿಜಾರು ಬದಿಗಳಿಗೆ ಲಾವಂಚಕ್ಕಿಂತ ಒಳ್ಳೆಯ ಕಾವಲುಗಾರ ಮತ್ತೊಂದಿಲ್ಲ. ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಗಡಿಗೆ ಲಾವಂಚ ನೆಡುವುದನ್ನು ಯಾರ ಉಪದೇಶವೂ ಇಲ್ಲದೆ ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದಾರೆ. ಅದರ ಬೇರು ಅಡ್ಡ ಹರಡದೆ ನೇರವಾಗಿ ಕೆಳಗಿಳಿಯುತ್ತದೆ. ಮಣ್ಣನ್ನು ತಡೆಯುತ್ತದೆ, ಬೆಳೆಗೆ ಪೈಪೋಟಿ ಕೊಡುವುದಿಲ್ಲ. ಮೇಲಿನ ಅಂಚಿಗೆ ಕತ್ತಾಳೆ ಸಾಲು ನೆಟ್ಟರೆ ಬೇಲಿಯೂ ಆಯಿತು.

ಮರಗಳಿಗೆ 60 ಸೆಂ.ಮೀ. ಉದ್ದ, ಅಗಲ, ಆಳದ ಗುಣಿ ತೆಗೆದು ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ ನೆಡಬೇಕು. 5 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 160 ಗಿಡ ಹಿಡಿಯುತ್ತವೆ. ಹೊಂಗೆ, ಬೇವು, ಗೊಬ್ಬರದ ಗಿಡವೆನಿಸಿದ ಗ್ಲಿರಿಸಿಡಿಯಾ, ಕಲ್ಲು ನೆಲದಲ್ಲೂ ಬೇರಿಳಿಸುವ ಕಮರ, ಇವು ನಮ್ಮ ಒಣ ಸೀಮೆಗೆ ತಕ್ಕವು. ನೆಲ ಸ್ವಲ್ಪ ಸುಧಾರಿಸಿದ ಮೇಲೆ ಸೀತಾಫಲ, ನೆಲ್ಲಿ, ಹುಣಸೆಗಳನ್ನು ಹಾಕಿದರೆ ಕೈಗೆ ಆದಾಯವೂ ಉಂಟು. ನೀಲಗಿರಿ ಬೇಗ ಬೆಳೆಯುತ್ತದೆಂದು ಆಸೆಪಡಬೇಡಿ. ಅದರಡಿ ಹುಲ್ಲು ಬೆಳೆಯದೆ ಮಣ್ಣು ಬರಿದಾಗಿಯೇ ಉಳಿಯುವುದು ಸಾಮಾನ್ಯ. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರವೇ 2017 ರಲ್ಲಿ ನಿಷೇಧಿಸಿತು. ಬಳ್ಳಾರಿ ಜಾಲಿಯೂ ಹಾಗೆಯೇ. ಹಸಿರೇನೋ ಕಾಣುತ್ತದೆ, ಆದರೆ ಒಮ್ಮೆ ಹೊಕ್ಕರೆ ಪಕ್ಕದ ಹೊಲಗಳಿಗೂ ಹಬ್ಬಿ ಮತ್ತೆ ಕೀಳಲು ಬಾರದು.

ತಾನಾಗಿ ಬಂದ ತಂಗಡಿ, ಬಂದರಿಕೆಗಳನ್ನು ಕಳೆಯೆಂದು ಕೀಳದಿರಿ. ಬರಡು ನೆಲಕ್ಕೆ ಮೊದಲು ಬಂದು ನೆರಳು ಕೊಡುವ ಗಿಡಗಳು ಅವೇ. ಎಲ್ಲಕ್ಕಿಂತ ಮುಖ್ಯವಾಗಿ ಮೊದಲ ಮೂರು ವರ್ಷ ದನ ಕುರಿಗಳನ್ನು ಒಳಗೆ ಬಿಡಬೇಡಿ. ಹುಲ್ಲು ಬೇಕಾದರೆ ಕೊಯ್ದು ತಂದು ಕೊಟ್ಟಿಗೆಯಲ್ಲಿ ಹಾಕಿ. ಎಷ್ಟೋ ಗಿಡ ನೆಡುವ ಕಾರ್ಯಕ್ರಮಗಳು ವಿಫಲವಾದದ್ದು ಬರದಿಂದಲ್ಲ, ಮೇಕೆಯ ಬಾಯಿಂದ.

ಹಳೆಯ ಗುಂಡಿಗಳ ಗತಿ ಏನು?

"ನಮ್ಮದು ಆಗಲೇ ತೋಡಿ ಹಾಳಾದ ಗುಂಡಿ, ಮೇಲ್ಮಣ್ಣು ಎಂದೋ ಹೋಯಿತು" ಎನ್ನುವವರೂ ಇದ್ದೀರಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಿಮಗೆ ನೆನಪಾಗಬಹುದು. ಆದರೂ ದಾರಿಯಿದೆ, ತಾಳ್ಮೆ ಬೇಕಷ್ಟೆ. ಇಡೀ ಎಕರೆಗೆ ಮಣ್ಣು ಹೊಡೆಸುವುದು ಆಗದ ಮಾತು. ಹೆಪ್ಪಿನ ಲೆಕ್ಕವನ್ನೇ ಇಲ್ಲಿಯೂ ಹಿಡಿಯಿರಿ. ತಳವನ್ನು ಸಡಿಲಿಸಿ, ಗುಣಿಗಳಲ್ಲಿ ಮತ್ತು ಅಡ್ಡ ಸಾಲುಗಳಲ್ಲಿ ಮಾತ್ರ ಕೆರೆಗೋಡು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ. ಊರ ಕೆರೆಯ ಹೂಳು ತೆಗೆಯುವ ವರ್ಷ ಇದಕ್ಕೆ ಒಳ್ಳೆಯ ಅವಕಾಶ. ಅದರೊಡನೆ ನಿಮ್ಮದೇ ಹೊಲದ ಹಳೆಯ ಹೊಂಗೆ ಮರದ ಬುಡದಿಂದ ನಾಲ್ಕು ಬುಟ್ಟಿ ಮಣ್ಣು ತಂದು ಗುಣಿಗೊಂದು ಬೊಗಸೆ ಹಾಕಿ. ಅದರಲ್ಲಿ ಬೇಕಾದ ಜೀವಾಣುಗಳು ಇರುತ್ತವೆ. ಬೇಸಿಗೆಯಲ್ಲಿ ಕುರಿಗಾರರು ಬಂದಾಗ ನಾಲ್ಕು ರಾತ್ರಿ ಮಂದೆ ನಿಲ್ಲಿಸಿ. ಅದಾದ ಮೇಲೆ ಬೇಲಿ ಹಾಕಿ ಬಿತ್ತನೆ ಮಾಡಿ. ಗುಣಿಗಳಿಂದ ಹಸಿರು ನಿಧಾನವಾಗಿ ಸುತ್ತಲೂ ಹರಡುತ್ತದೆ.

ಕರಾರಿನಲ್ಲಿ ಬರೆಸಿಕೊಳ್ಳಿ

ಕೊನೆಯದಾಗಿ, ಈ ಖರ್ಚನ್ನು ಯಾರು ಹೊರಬೇಕು? ತೋಡಿ ಲಾಭ ಪಡೆದವನೇ ಹೊರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇದು ಹೊಸ ಮಾತೇನೂ ಅಲ್ಲ. ಕಬ್ಬಿಣದ ಅದಿರಿನಂಥ ಪ್ರಧಾನ ಖನಿಜಗಳ ಗಣಿಗಳಲ್ಲಿ ಮೇಲ್ಮಣ್ಣನ್ನು ಪ್ರತ್ಯೇಕವಾಗಿ ತೆಗೆದಿಟ್ಟು ಭೂಮಿಯ ಪುನಶ್ಚೇತನಕ್ಕೆ ಬಳಸಬೇಕೆಂದು ಕೇಂದ್ರದ 1988 ರ ನಿಯಮಗಳೂ ಅವುಗಳ ಬದಲಿಗೆ ಬಂದ 2017 ರ ನಿಯಮಗಳೂ ವಿಧಿಸಿವೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ 2011 ರಲ್ಲಿ ನಿಲ್ಲಿಸಿ, ಆಮೇಲೆ ಪುನಶ್ಚೇತನ ಯೋಜನೆಯ ಷರತ್ತಿನ ಮೇಲೆಯೇ ಗಣಿಗಳಿಗೆ ಮತ್ತೆ ಅವಕಾಶ ಕೊಟ್ಟಿತು. ದೊಡ್ಡ ಗಣಿಗೆ ನ್ಯಾಯವಾದದ್ದು ಎಕರೆ ಗುಂಡಿಗೂ ನ್ಯಾಯವೇ.

ಗರಸು 1957 ರ ಗಣಿ ಮತ್ತು ಖನಿಜ ಕಾಯಿದೆಯ ಪ್ರಕಾರ ಉಪಖನಿಜ. ಸ್ವಂತ ಹಿಡುವಳಿಯಾದರೂ ಮಾರಾಟಕ್ಕೆ ತೆಗೆಯುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು. 5 ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದ ಉಪಖನಿಜ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2012 ರಲ್ಲಿ ಹೇಳಿತು. ರಸ್ತೆಯಂಥ ಕಾಮಗಾರಿಗಳಿಗೆ ಮಣ್ಣು ತೆಗೆಯಲು ಕೇಂದ್ರ ಸರ್ಕಾರ 2020 ರಲ್ಲಿ ಕೊಟ್ಟಿದ್ದ ವಿನಾಯಿತಿಯನ್ನು ಅದೇ ನ್ಯಾಯಾಲಯ 2024 ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಇಂಥ ನಿಯಮಗಳು ಆಗಾಗ ಬದಲಾಗುವುದರಿಂದ, ಕೈ ಹಾಕುವ ಮೊದಲು ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ನೀವೇ ವಿಚಾರಿಸುವುದು ಕ್ಷೇಮ. ಮಧ್ಯವರ್ತಿಯ ಮಾತು ನಂಬಿ ದಂಡ ತೆರುವವನು ಕಡೆಗೆ ಪಹಣಿಯಲ್ಲಿ ಹೆಸರಿರುವ ರೈತನೇ.

ಆದರೆ ಸರ್ಕಾರದ ಕಾಗದ ನಿಮ್ಮ ಹೊಲದಲ್ಲಿ ಬಂದು ನಿಲ್ಲುವುದಿಲ್ಲ, ನಿಲ್ಲಬೇಕಾದವರು ನೀವು. ಆದ್ದರಿಂದ ಗುತ್ತಿಗೆದಾರನೊಡನೆ ಬಾಯಿಮಾತಿನ ಒಪ್ಪಂದ ಬೇಡ. ಕರಾರಿನಲ್ಲಿ ಐದು ಅಂಶಗಳನ್ನು ಬರೆಸಿಕೊಳ್ಳಿ: ಎಷ್ಟು ಜಾಗ, ಎಷ್ಟು ಆಳ ಎಂಬುದು, ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಡುವುದು, ಬದಿಗಳನ್ನು ಇಳಿಜಾರು ಮಾಡುವುದು, ತಳವನ್ನು ಸಡಿಲಿಸಿ ಮೇಲ್ಮಣ್ಣು ಹರಡಿಕೊಡುವುದು, ಇವೆಲ್ಲ ಮುಂಗಾರಿಗೆ ಮೊದಲು ಮುಗಿಯುವುದು. ಇವುಗಳಿಗೆ ಆಧಾರವಾಗಿ ಹಣದ ಒಂದು ಭಾಗವನ್ನು ಮುಂಗಡವಾಗಿ ಠೇವಣಿ ಇಡಿಸಿಕೊಂಡು, ಕೆಲಸ ಮುಗಿದ ಮೇಲೆ ಹಿಂದಕ್ಕೆ ಕೊಡಿ. ಒಬ್ಬ ರೈತ ಕೇಳಿದರೆ ಗುತ್ತಿಗೆದಾರ ಪಕ್ಕದ ಹೊಲಕ್ಕೆ ಹೋಗುತ್ತಾನೆ ಎಂಬ ಭಯ ಸಹಜವೇ. ಅದಕ್ಕಾಗಿಯೇ ಊರಿನವರೆಲ್ಲ ಗ್ರಾಮಸಭೆಯಲ್ಲಿ ಕುಳಿತು, ನಮ್ಮೂರಿನಲ್ಲಿ ಮೇಲ್ಮಣ್ಣು ಉಳಿಸದೆ ಗರಸು ಎತ್ತುವಂತಿಲ್ಲ ಎಂದು ಒಂದೇ ಮಾತಿಗೆ ಬರಬೇಕು. ಎಲ್ಲರೂ ಕೇಳಿದಾಗ ಆತ ಯಾವ ಹೊಲಕ್ಕೆ ಹೋದಾನು?

ರೈತ ಬಾಂಧವರೇ, ಗರಸಿನ ಹಣ ಒಂದು ಸಲ ಬರುತ್ತದೆ, ಒಂದು ಸಲಕ್ಕೇ ಮುಗಿಯುತ್ತದೆ. ಹೊಲ ಪ್ರತಿ ವರ್ಷ ಕೊಡುತ್ತದೆ, ನಮ್ಮ ಮಕ್ಕಳಿಗೂ ಕೊಡುತ್ತದೆ. ನಾಳೆ ನಿಮ್ಮ ಹೊಲಕ್ಕೆ ಯಂತ್ರ ಬಂದಾಗ ಮನೆಯಲ್ಲಿ ಕೂರಬೇಡಿ. ಮೊದಲನೆಯ ದಿನ ಬೆಳಿಗ್ಗೆಯೇ ಹೋಗಿ ಬದುವಿನ ಮೇಲೆ ನಿಲ್ಲಿ. ಮೇಲ್ಮಣ್ಣಿನ ರಾಶಿ ನಿಮ್ಮ ಕಣ್ಣೆದುರಿಗೆ ಪಕ್ಕಕ್ಕೆ ಬಿದ್ದ ಮೇಲೆಯೇ ಗರಸಿನ ಮೊದಲ ಲೋಡು ಹೊಲ ಬಿಡಲಿ.